ಎರಡೆಲೆಯ ಸಸಿ

“ಏ ಬೋಸಡಿ, ಬೇರಿನ ಮಣ್ಣು ಉದುರಸಬ್ಯಾಡಂತ ಎಷ್ಟ ಸಲ ಒದರೂದು? ನಿಮ್ಮಪ್ಪ ಕೊಡಸ್ಯಾನೇನು ಸಸಿ?”

ಮೇಸ್ತ್ರಿ ಅಂಬಾದಾಸ ಬದುವಿನ ಮೇಲೆ ನಿಂತು ಬೈಯುತ್ತಿದ್ದ. ಕೆಸರಿನಲ್ಲಿ ಬಗ್ಗಿದ್ದ ಶರಣಮ್ಮ ತಲೆ ಎತ್ತಲಿಲ್ಲ. ಎತ್ತಿದ್ದರೆ ಬದುವಿನ ಆ ತುದಿಯಲ್ಲಿ ಮಲಗಿಸಿದ್ದ ಕೂಸು ಕಾಣುತ್ತಿತ್ತು. ಕಂಡರೆ ಕೈ ಓಡುತ್ತಿರಲಿಲ್ಲ. ಇನ್ನೂ ಹೆಸರಿಡದ ಕೂಸು. ಯಾದಗಿರಿ ಕಡೆಯಿಂದ ಪುಣೆ ಹತ್ತಿರದ ತಳೇಗಾಂವಕ್ಕೆ ಬಿಲ್ಡಿಂಗ್ ಕೆಲಸಕ್ಕೆ ಬಂದು, ತಗಡಿನ ಶೆಡ್ಡಿನಲ್ಲೇ ಹೆತ್ತು, ಶೆಡ್ಡು ಕೊಟ್ಟ ಮೇಸ್ತ್ರಿ ಕರೆದನೆಂದು ಹಸಿ ಮೈಯಲ್ಲೇ ನಾಟಿಗೆ ಇಳಿದಿದ್ದಳು. ಹಳೇ ಸೀರೆಯೊಂದನ್ನು ಎರಡು ಗೂಟಕ್ಕೆ ಕಟ್ಟಿ ಕೂಸಿಗೆ ನೆರಳು ಮಾಡಿದ್ದಳು. ಆಷಾಢದಲ್ಲೂ ಮಳೆಯ ಸುಳಿವಿಲ್ಲ. ಬಿಸಿಲು ಆ ಸೀರೆಯನ್ನು ದಾಟಿ ಒಳಗೆ ಬರುತ್ತಿತ್ತು.

ಸಸಿಗಳ ಪುಣ್ಯ ದೊಡ್ಡದು. ಅವಕ್ಕೆ ಹಸಿರು ಪರದೆಯ ಚಪ್ಪರ, ಕೆಳಗೆ ಒದ್ದೆ ಗೋಣಿ, ಆಗಾಗ ನೀರಿನ ಸಿಂಪರಣೆ. ಮಳೆ ಕೈಕೊಟ್ಟರೂ ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಹೊಸ ಪದ್ಧತಿಯಂತೆ ಇದು. ಸಣ್ಣ ರೈತರಿಗೆಂದು ಬಂದ ಯೋಜನೆ. ಪುಣೆಯಲ್ಲಿ ಹೋಟೆಲುಗಳನ್ನು ನಡೆಸುವ ಉಡುಪಿ ಕಡೆಯ ರಘುರಾಮ, ಜಮೀನನ್ನು ಮನೆಮಂದಿಯ ಹೆಸರಿಗೆಲ್ಲ ತುಂಡು ಮಾಡಿ ತಾನೂ ಸಣ್ಣ ರೈತನಾಗಿದ್ದ.

ಕಲಿಸಲು ಬಂದ ಜ್ಯೋತ್ಸ್ನಾ ಬೆಂಗಳೂರಿನವಳು. ಬೆಳಿಗ್ಗೆಯೇ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ವಿವರಿಸಿದ್ದಳು. ಎರಡೇ ಎಲೆ ಬಿಟ್ಟ ಎಳೆ ಸಸಿ, ಗದ್ದೆಗೆ ಅಡ್ಡ ಹಿಡಿದ ಹಗ್ಗದಲ್ಲಿ ಗಂಟು ಇದ್ದಲ್ಲಿ ಮಾತ್ರ ಒಂದೊಂದೇ ಊರಬೇಕು; ಸಸಿ ಬೆಳೆಸಿದ ತಟ್ಟೆಯಿಂದ ಎಬ್ಬಿಸಿದ್ದು ಬಾಡುವ ಮೊದಲೇ ಮಣ್ಣು ಸೇರಬೇಕು. “ಹಸುಗೂಸಿನ ಥರ ಹ್ಯಾಂಡಲ್ ಮಾಡಿ. ಶಾಕ್ ಆದ್ರೆ ಆಮೇಲೆ ಗ್ರೋತೇ ಇರಲ್ಲ.”

ಹಾಗಾಗಿ ತಟ್ಟೆ ಖಾಲಿಯಾಗದೆ ಗದ್ದೆ ಬಿಟ್ಟು ಏಳುವಂತಿಲ್ಲ. ಒಂದು ಖಾಲಿಯಾಗುವಷ್ಟರಲ್ಲಿ ಅಂಬಾದಾಸ ಇನ್ನೊಂದನ್ನು ತಂದು ಇಡುತ್ತಿದ್ದ. ಶರಣಮ್ಮನ ಕುಪ್ಪಸ ಹಾಲಿಗೆ ನೆಂದು ಮೈಗಂಟಿತ್ತು. ಕೂಸು ಚೀರಿ ಚೀರಿ ದನಿ ಬತ್ತಿಸಿಕೊಂಡಿತ್ತು. ಒಮ್ಮೆ ಕುಡಿಸಿ ಬರುತ್ತೇನೆಂದು ಕೇಳಿದಳು. ಊಟದ ಹೊತ್ತಿಗೆ ಎಂದ ಅಂಬಾದಾಸ. ಹಾಗಾದರೆ ಕೂಸನ್ನಾದರೂ ಚಪ್ಪರದ ಮೂಲೆಗೆ ಹಾಕುತ್ತೇನೆಂದು ಅಂಗಲಾಚಿದಳು. ಅವನು ಧಣಿಯ ಮುಖ ನೋಡಿದ.

ರಘುರಾಮ ಚಪ್ಪರದಡಿ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತಿದ್ದ. “ಪುರುಡಿನ ಮಗು ಮಾರಾಯ. ಸಸಿಗೆಲ್ಲ ಪೂಜೆ ಆಗಿದೆ ಅಲ್ವ? ಮೈಲಿಗೆ ಇಲ್ಲಿ ತರುದು ಬೇಡ.”

ಆ ಕೂಸನ್ನು ಹೆತ್ತವಳ ಕೈ ಬೆಳಗಿನಿಂದ ಅದೇ ಸಸಿಗಳನ್ನು ಮುಟ್ಟುತ್ತಿತ್ತು. ಆ ಮೈಲಿಗೆ ಧಣಿಗೆ ತಟ್ಟಿರಲಿಲ್ಲ, ನಾಟಿ ಮುಗಿಯಬೇಕಿತ್ತಲ್ಲ.

ಜ್ಯೋತ್ಸ್ನಾ ಫೋಟೊ ತೆಗೆಯುತ್ತಿದ್ದಳು. ಬದುವಿನ ಕಡೆ ನೋಡಿ, “ಆ ಸೀರೆ, ಮಗು ಎಲ್ಲ ಫ್ರೇಮಲ್ಲಿ ಬರ್ತಿದೆ. ಸ್ವಲ್ಪ ಆಕಡೆ ಇಡ್ಸಿ ಪ್ಲೀಸ್,” ಎಂದಳು. ಅಂಬಾದಾಸ ಗೂಟ ಕಿತ್ತೊಗೆದು, ಕೂಸನ್ನು ಬಟ್ಟೆ ಸಮೇತ ಎತ್ತಿ ಬದುವಿನಾಚೆ ಒಣ ಹೆಂಟೆಗಳ ಮೇಲೆ ಇಟ್ಟು ಬಂದ. ನೆರಳು ಕಟ್ಟುವ ಗೋಜಿಗೆ ಹೋಗಲಿಲ್ಲ. ಶರಣಮ್ಮ ಏಳಹೋದಳು.

“ಎದ್ದಿ ಅಂದ್ರ ಇವತ್ತ ಶೆಡ್ಡಿನ್ಯಾಗ ನಿನ್ನ ಗಂಟುಮೂಟಿ ಇರಂಗಿಲ್ಲ ನೋಡು.”

ಅವಳು ಮತ್ತೆ ಬಗ್ಗಿದಳು. ಆ ತಟ್ಟೆ ಮುಗಿಯುವ ಹೊತ್ತಿಗೆ ಅಳು ಕೇಳುತ್ತಿರಲಿಲ್ಲ. ಮಲಗಿತು ಬಿಡು ಎಂದ ಅಂಬಾದಾಸ. ಶರಣಮ್ಮ ಕೈಯಲ್ಲಿದ್ದುದನ್ನು ಬಿಸಾಕಿ ಬದು ಹತ್ತಿ ಓಡಿದಳು. ಕೂಸಿನ ಮೈ ಸುಡುತ್ತಿತ್ತು, ತುಟಿ ಒಣಗಿ ಬಿರಿದಿತ್ತು.

ಅವಳು ಯಾರನ್ನೂ ಕೇಳಲಿಲ್ಲ. ಕೂಸನ್ನು ಎತ್ತಿಕೊಂಡು ನೆಟ್ಟಗೆ ಚಪ್ಪರದೊಳಗೆ ನುಗ್ಗಿ ಒಂದು ತಟ್ಟೆಯನ್ನು ಎತ್ತಿ ಬಿಸಿಲಿಗೆಸೆದಳು, ಇನ್ನೊಂದನ್ನೂ ಎಸೆದಳು. ಕೆಳಗಿನ ಒದ್ದೆ ಗೋಣಿಯನ್ನು ಎಳೆದು ಕೂಸಿಗೆ ಸುತ್ತಿದಳು. ರಘುರಾಮ ಎಳನೀರು ಚೆಲ್ಲಿಕೊಂಡು ಎದ್ದ. ಅಂಬಾದಾಸ ಕೋಲು ಎತ್ತಿದ. ಶರಣಮ್ಮ ಉಳಿದ ಸಸಿಗಳ ಮೇಲೆ ಕುಂಡಿ ಊರಿ ಕೂತಳು.

“ಹೊಡಿಯಲೇ ಹಾಟ್ಯಾ. ನನ್ನ ಎಳದಷ್ಟೂ ನಿನ್ನ ಧಣಿ ಸಸಿ ಜಜ್ಜಿ ಹೋಗ್ತಾವ.”

ಕೋಲು ಕೆಳಗೆ ಬರಲಿಲ್ಲ. ಗದ್ದೆಯಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿದರು. ಕೈಯಲ್ಲಿದ್ದ ಸಸಿಗಳನ್ನು ಬೇರು ಮೇಲಾಗಿ ಬದುವಿನ ಬಿಸಿಲಿಗೆ ಹಾಕಿ ಚಪ್ಪರದತ್ತ ನಡೆದರು. ಡ್ರೈ ಆಗತ್ತೆ, ಡ್ರೈ ಆಗತ್ತೆ ಎಂದು ಜ್ಯೋತ್ಸ್ನಾ ಹೇಳುತ್ತಲೇ ಇದ್ದಳು.

ಶರಣಮ್ಮ ಕುಪ್ಪಸ ಸರಿಸಿ ಮೊಲೆಯನ್ನು ಕೂಸಿನ ಬಾಯಿಗಿಟ್ಟಳು. ಬಾಯಿ ಹಿಡಿಯಲಿಲ್ಲ. ಹಿಂಡಿದಳು. ಹಾಲು ಕಟವಾಯಿಯಿಂದ ಹೊರಗೇ ಇಳಿಯಿತು. ಅವಳು ಕೂಸನ್ನು ಇನ್ನೊಂದು ಮೊಲೆಗೆ ಬದಲಿಸಿಕೊಂಡಳು.