ಗುಬ್ಬಿ ಮೇಸ್ತ್ರಿಯ ಫೇಲಾದ ಪೈಪು

ಗ್ಯಾಸ್ ಗೀಸರಿಗೆ ಹೊಗೆಕೊಳವೆ ಕೂರಿಸುವುದರಲ್ಲಿ ಗುಬ್ಬಿ ಮೇಸ್ತ್ರಿಯನ್ನು ಮೀರಿಸುವವರು ಆ ಪೇಟೆಯಲ್ಲೇ ಇರಲಿಲ್ಲ. ಇದು ಅವರೇ ಹೇಳಿಕೊಳ್ಳುವ ಮಾತಾದರೂ ಸುಳ್ಳೇನಲ್ಲ. ಕೆಲಸ ಮುಗಿದ ಮೇಲೆ ಗೀಸರ್ ಹಚ್ಚಿ, ಹತ್ತಿಯ ದಾರಕ್ಕೆ ಕಿಡಿ ತಾಗಿಸಿ, ಅದರ ಹೊಗೆಯನ್ನು ಪೈಪಿನ ಬಾಯಿಗೆ ಹಿಡಿಯುತ್ತಿದ್ದರು. ಹೊಗೆ ಸರಸರನೆ ಒಳಗೇರಿದರೆ ಮಾತ್ರ ಪೈಪಿನ ಬುಡದಲ್ಲಿ ಮೊಳೆಯಿಂದ ಒಂದು ಗುಬ್ಬಿ ಗೀಚುತ್ತಿದ್ದರು. ಆ ಗುಬ್ಬಿ ಇದ್ದ ಮನೆಯವರು ನಿಶ್ಚಿಂತೆಯಿಂದ ಸ್ನಾನ ಮಾಡುತ್ತಿದ್ದರು.

ಗುಬ್ಬಿ ಗೀಚುವ ಹಕ್ಕು ಕಿರಿಮಗಳಿಗೆ ಇನ್ನೂ ಸಿಕ್ಕಿರಲಿಲ್ಲ. ಅಪ್ಪನಿಗೆ ಮಂಡಿನೋವು ಬಂದಾಗಿನಿಂದ ಏಣಿ ಹತ್ತುವವಳು ಅವಳು, ಗೋಡೆ ಕೊರೆಯುವವಳು ಅವಳು. ಗುಬ್ಬಿ ಮಾತ್ರ ಅಪ್ಪನದು. "ಕೈ ನಂಬಬೇಡ, ಹೊಗೆ ನಂಬು" ಎಂಬ ಅಪ್ಪನ ಮಾತು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಭಾವ ಹೊಸ ಮನೆ ಕಟ್ಟಿಸಿ, ಅಡುಗೆಮನೆಗೆ ಅಂಟಿಕೊಂಡಿದ್ದ, ಬಟ್ಟೆ ಒಗೆಯುವ ಕೋಣೆಯಲ್ಲಿ ಗೀಸರ್ ಇಡಿಸಿದರು. "ಮೊಮ್ಮಗಳ ನೀರಿಗೆ ಬೇರೆ ಕೈ ಬೇಡ. ಇದು ಪೂರ್ತಿ ನಂದೇ ಕೆಲಸ" ಎಂದು ಅಪ್ಪ ಹಟ ಹಿಡಿದು, ಮಂಡಿಗೆ ಪಟ್ಟಿ ಬಿಗಿದುಕೊಂಡು ತಾವೇ ಏಣಿ ಹತ್ತಿದರು. ಪೈಪು ಸೂಜಿಯಷ್ಟು ನೆಟ್ಟಗೆ ನಿಂತಿತು. ಒಂದು ಜೋಡಣೆಯಲ್ಲೂ ಬೆರಳಿಡುವ ಹಾಗಿರಲಿಲ್ಲ. ದಾರ ಹೊತ್ತಿಸಿದರು, ಹೊಗೆ ಏರಿತು. ಭಾವ ಚಪ್ಪಾಳೆ ತಟ್ಟಿದರು. ಅಕ್ಕ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪ ಜೇಬಿನಿಂದ ಮೊಳೆ ತೆಗೆದರು.

ಆಗ ಕಿರಿಯವಳ ಕಣ್ಣು ಕಿಟಕಿಯ ಮೇಲೆ ಬಿತ್ತು. ಅದು ತೆರೆದಿತ್ತು. ಅಂಚಿಗೆ ರಬ್ಬರ್ ಕೂರಿಸಿದ, ಮುಚ್ಚಿದರೆ ಇರುವೆಯೂ ನುಸುಳದ ಕಿಟಕಿ. ಅಡುಗೆಮನೆಯಲ್ಲೋ, ಒಲೆಯ ಮೇಲೆ ಹೊಗೆ ಎಳೆದು ಹೊರಹಾಕುವ ದೊಡ್ಡ ಫ್ಯಾನು. ಅಪ್ಪ ಜೀವಮಾನವಿಡೀ ದುಡಿದದ್ದು ಬಾಗಿಲ ಸಂದಿಯಲ್ಲಿ ಬೆಕ್ಕೇ ತೂರುವಂಥ ಹಳೆಯ ಮನೆಗಳಲ್ಲಿ. ಇಲ್ಲಿ ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಪೈಪಿನಿಂದಲೇ. ಹೊರಗೆ ಹೋಗಬೇಕಾದ ವಿಷಗಾಳಿ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಮನೆಯೊಳಗೇ ಇಳಿಯುತ್ತದೆ.

ಹೇಳಿದರೆ ಅಳಿಯನ ಎದುರಿಗೆ ಅಪ್ಪನ ಮರ್ಯಾದೆ ಹೋದೀತು. ಬಿಟ್ಟರೆ ಮಗುವಿನ ಜೀವ.

"ಅಪ್ಪ, ತಡಿ. ಗುಬ್ಬಿ ಆಮೇಲೆ."

"ಯಾಕೆ? ಹೊಗೆ ಹೋಗಿದ್ದು ಕಾಣಿಸ್ಲಿಲ್ವಾ?"

"ಕಿಟಕಿ ತೆಗೆದಿತ್ತು. ಎಲ್ಲಾ ಮುಚ್ಚಿ, ಅಡುಗೆಮನೆ ಫ್ಯಾನ್ ಹಾಕಿ ನೋಡೋಣ."

"ನಂಗೇ ಪಾಠ ಹೇಳ್ತೀಯಾ? ನಾನು ಗುಬ್ಬಿ ಬರೆಯೋವಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ!"

"ಇದ್ದೆ ಕಣಪ್ಪ. ಕೈ ನಂಬಬೇಡ ಅಂದಿದ್ದು ನೀನೇ ತಾನೆ?"

ಅಪ್ಪ ಮೊಳೆಯನ್ನು ಮತ್ತೆ ಜೇಬಿಗೆ ಇಳಿಸಿದರು. ಅಕ್ಕ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಹೋದಳು. ಕಿಟಕಿ ಮುಚ್ಚಿತು, ಫ್ಯಾನು ಗುರ್ರೆಂದಿತು. ಅಪ್ಪ ದಾರ ಹಿಡಿದರು. ಹೊಗೆ ಅರೆಕ್ಷಣ ಅನುಮಾನಿಸಿ, ಹಿಂದಕ್ಕೆ ಹೊರಳಿ, ನೇರವಾಗಿ ಅವರ ಮುಖಕ್ಕೇ ಬಡಿಯಿತು.

ಅವಳು ಗೀಸರ್ ಆರಿಸಿ ಕಿಟಕಿ ತೆರೆದಳು. ಅಪ್ಪ ಕೆಮ್ಮುತ್ತ ಪೈಪನ್ನು ನೋಡಿದರು, ಅಂಗಳದಲ್ಲಿದ್ದ ಮೊಮ್ಮಗಳನ್ನು ನೋಡಿದರು. "ಫೇಲು" ಎಂದರು. ಆ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

"ಹೊರಗೋಡೆಗೆ ಗಾಳಿಕಿಂಡಿ ಕೊರೀಬೇಕು" ಎಂದಳು ಅವಳು.

"ಹೊಸಾ ಟೈಲ್ಸು..." ಎಂದು ಭಾವ ರಾಗ ಎಳೆದರು.

"ಟೈಲ್ಸ್ ಅಂಗಡೀಲಿ ಸಿಗುತ್ತೆ ಅಳಿಯಂದ್ರೇ" ಎಂದು ಅಪ್ಪ ಗದರಿದರು. "ಅವಳು ಹೇಳಿದ ಕಡೆ ಕೊರೀಲಿ."

ಮೊದಲು ಕೊರೆದ ಕಿಂಡಿ ಸಾಲಲಿಲ್ಲ; ಹೊಗೆ ಇನ್ನೂ ಓಲಾಡಿತು. ಅವಳು ಮುಲಾಜಿಲ್ಲದೆ ಇನ್ನಷ್ಟು ಅಗಲ ಮಾಡಿ, ಯಾರಿಂದಲೂ ಮುಚ್ಚಲಾಗದಂತೆ ಕಬ್ಬಿಣದ ಜಾಲರಿ ಕೂರಿಸಿದಳು. ಮತ್ತೆ ಗೀಸರ್ ಹಚ್ಚಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಅಪ್ಪ ದಾರ ಹಿಡಿದರು. ಈ ಸಲ ಹೊಗೆ ಹೇಳಿದ ಮಾತು ಕೇಳುವ ಮಗುವಿನಂತೆ ಮೇಲೇರಿ ಹೋಯಿತು. ಎಷ್ಟು ಹೊತ್ತು ಹಿಡಿದರೂ ಏರುತ್ತಲೇ ಇತ್ತು.

ಅಪ್ಪ ಮೊಳೆಯನ್ನು ಅವಳ ಕೈಗೆ ಇಟ್ಟರು. "ಬರಿ."

ಅವಳಿಗೆ ಕಣ್ಣು ಮಂಜಾಯಿತು. ಗೀಚಿದ ಗುಬ್ಬಿಗೆ ಹೊಟ್ಟೆ ದಪ್ಪ, ಬಾಲ ಗಿಡ್ಡ.

"ಇದೇನೇ, ಕೋಳೀನಾ?" ಎಂದರು ಅಪ್ಪ. ಆದರೆ ಅಳಿಸಲು ಬಿಡಲಿಲ್ಲ.

ಅಂದಿನಿಂದ ಅವರದು ಒಂದೇ ಕಥೆ. ಪೈಪಿನ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿಗೆ ಕಾಯುವ ಅಪರಿಚಿತರ ಮುಂದೆಯೂ ಅದೇ.

"ನಮ್ಮ ಚಿಕ್ಕವಳು ನನ್ನ ಪೈಪನ್ನೇ ಫೇಲ್ ಮಾಡಿದ್ಲು, ಗೊತ್ತಾ?"

ಕೇಳಿದವರು ಮೇಸ್ತ್ರಿಯ ಮೇಲೆ ಕನಿಕರಪಟ್ಟು "ಅಯ್ಯೋ ಪಾಪ" ಎನ್ನುತ್ತಿದ್ದರು.

"ಅಯ್ಯೋ ಯಾಕ್ರೀ ಅಂತೀರಿ?" ಅವರು ಎದೆ ಉಬ್ಬಿಸುತ್ತಿದ್ದರು. "ಇಷ್ಟು ವರ್ಷದಲ್ಲಿ ಬೇರೆ ಯಾರಿಂದ ಆಗಿತ್ತು ಅದು, ಹೇಳಿ ನೋಡೋಣ!"