ದಾರಿಯ ತಡ, ಬತ್ತಿಯ ತಡ

2007ರ ಜುಲೈ. ನಾಳೆ ಬೆಂಗಳೂರಿನಲ್ಲಿ ತನುಜಳಿಗೆ ಸಂದರ್ಶನ, ಖಗೋಳ ಸಂಶೋಧನೆಗೆ ಇರುವುದು ಒಂದೇ ಸೀಟು. ಪ್ರಬಂಧವನ್ನು ಆಗಲೇ ಕಳಿಸಿಯಾಗಿತ್ತು. ಬಾಯಲ್ಲಿ ಒಮ್ಮೆ ಒಪ್ಪಿಸಿ ನೋಡೋಣವೆಂದರೆ ಮನೆಯಲ್ಲಿ ಸಿಕ್ಕವರು ತಾತ ವೆಂಕಟರವಣಪ್ಪ ಒಬ್ಬರೇ. ಚಿಕ್ಕಬಳ್ಳಾಪುರದ ಸುತ್ತಿನ ಕ್ವಾರಿಗಳಲ್ಲಿ ಮೂವತ್ತು ವರ್ಷ ಬಂಡೆ ಸಿಡಿಸಿದವರು. ಎಡಗಿವಿ ಕೇಳದು, ಆದರೆ ಪ್ರಶ್ನೆ ಹಾಕುವುದರಲ್ಲಿ ವಕೀಲರನ್ನೂ ಮೀರಿಸುತ್ತಾರೆ.

"ಸತ್ತ ನಕ್ಷತ್ರ ಎರಡು ಡಿಕ್ಕಿ ಹೊಡೆದ್ರೆ ಬೆಳಕೂ ಬರುತ್ತೆ, ಗುರುತ್ವದ ಅಲೇನೂ ಬರುತ್ತೆ ತಾತ. ಆ ಅಲೇನ ಇನ್ನೂ ಯಾರೂ ಹಿಡಿದಿಲ್ಲ. ಐನ್‌ಸ್ಟೈನ್ ಪ್ರಕಾರ ಎರಡರ ವೇಗವೂ ಒಂದೇ. ಒಂದು ಹಿಂದೆ ಬಿದ್ರೆ ಅವರ ಲೆಕ್ಕ ತಪ್ಪು."

"ತಪ್ಪಾದ್ರೆ ಏನಾಯ್ತು?"

"ವಿಶ್ವ ಜೋರಾಗಿ ಹಿಗ್ತಾ ಇದೆ. ಡಾರ್ಕ್ ಎನರ್ಜಿ ಅನ್ನೋ ಕಾಣದ ಶಕ್ತಿ ತಳ್ತಿದೆ ಅಂತಾರೆ. ಅಂಥದ್ದು ಇಲ್ದೇನೇ ಇರಬಹುದು, ಗುರುತ್ವದ ನಿಯಮಾನೇ ಬೇರೆ ಇರಬಹುದು. ಬೆಳಕು, ಅಲೆ ಎರಡರಲ್ಲಿ ಯಾವುದು ತಡವಾಗಿ ಬಂತು ಅಂತ ನೋಡಿದ್ರಾಯ್ತು. ಒಂದೇ ಡಿಕ್ಕಿ ಸಾಕು, ಗೊತ್ತಾಗಿಬಿಡುತ್ತೆ."

ಆ ಕೊನೆಯ ವಾಕ್ಯದ ಮೇಲೆ ಅವಳಿಗೆ ವಿಪರೀತ ಪ್ರೀತಿ. ಪ್ರಬಂಧವೂ ಅದರಲ್ಲೇ ಮುಗಿದಿತ್ತು.

"ಎರಡೂ ಒಂದೇ ಗಳಿಗೇಲಿ ಹೊರಟ್ವು ಅಂತ ಯಾರಮ್ಮ ನಿಂಗೆ ಹೇಳಿದ್ದು?"

ಯಾರೂ ಹೇಳಿರಲಿಲ್ಲ, ತನುಜ ತಾನೇ ಹಾಗೆ ಅಂದುಕೊಂಡಿದ್ದಳು.

ತಾತ ಎಡಗಿವಿ ಮುಟ್ಟಿಕೊಂಡು ಹೇಳಿದರು: "ಒಂದ್ಸಲ ಬಂಡೇಲಿ ಕೊರೆದ ಎರಡು ಕುಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ, ಓಡಿ ಬಂದು ಕೂತೆ. ಢಂ, ಢಂ. ಎರಡೂ ಆಯ್ತು ಅಂತ ಎದ್ದು ಹೋದೆ. ಎರಡನೇ ಢಂ ಬೆಟ್ಟಕ್ಕೆ ಬಡಿದು ಬಂದ ಮೊದಲನೇ ಸದ್ದೇ ಕಣಮ್ಮ, ದಾರಿ ಸುತ್ತಿ ತಡವಾಗಿತ್ತು. ಎರಡನೇ ಕುಳಿ ಬತ್ತಿ ಇನ್ನೂ ಉರೀತಿತ್ತು. ಈ ಕಿವಿ ಹೋಗಿದ್ದು ಅವತ್ತೇ."

ಜ್ವರ ಬಂದು ಕಿವಿ ಹೋಯಿತೆಂದೇ ಇಷ್ಟು ವರ್ಷ ಮನೆಯಲ್ಲಿ ನಂಬಿಸಿದ್ದರು. ಕಿವಿ ಹೋದದ್ದಕ್ಕಿಂತ ಲೆಕ್ಕ ತಪ್ಪಿದ್ದೇ ಅವರಿಗೆ ದೊಡ್ಡ ನಾಚಿಕೆಯಾಗಿತ್ತು.

ತನುಜಳಿಗೆ ಅಳು ಬಂತು, ಪ್ರಬಂಧದ ಬುಡವೇ ಅಲ್ಲಾಡಿತಲ್ಲ ಎಂದು ಸಿಟ್ಟೂ ಬಂತು. ಆದರೆ ಕುತೂಹಲ ಬಿಡಬೇಕಲ್ಲ.

"ಹಾಗಾದ್ರೆ ಯಾವ ತಡ ಅಂತ ಕಂಡುಹಿಡಿಯೋದು ಹೆಂಗೆ ತಾತ?"

"ಬೇರೆಬೇರೆ ದೂರದಲ್ಲಿ ನಿಂತು ಕೇಳ್ಬೇಕು. ದಾರಿಯ ತಡ ಬದಲಾಗುತ್ತೆ. ಬತ್ತಿಯ ತಡ ಎಲ್ಲಿ ನಿಂತ್ರೂ ಅಷ್ಟೇ."

ನಕ್ಷತ್ರದಿಂದ ದೂರ ಸರಿದು ನಿಲ್ಲಲು ಆಗುವುದಿಲ್ಲ. ಆದರೆ ಹತ್ತಿರದ್ದೊಂದು, ದೂರದ್ದೊಂದು, ಇನ್ನೂ ದೂರದ್ದೊಂದು ಡಿಕ್ಕಿಗೆ ಕಾಯಬಹುದು. ತನುಜ ಆ ಸಂಜೆಯೆಲ್ಲ ಕೂತು ಅದನ್ನೇ ಬಿಡಿಸಿ ಬರೆದಳು.

ಮರುದಿನ ಸಂದರ್ಶನದಲ್ಲಿ ಹಿರಿಯ ಪ್ರಾಧ್ಯಾಪಕಿಯೊಬ್ಬರು ಪ್ರಬಂಧದ ಕೊನೆಯ ಪುಟ ತೆರೆದರು. "ಒಂದೇ ಡಿಕ್ಕಿ ಸಾಕು ಅಂತ ಬರೆದಿದ್ದೀರಿ."

ಸಮರ್ಥಿಸಿಕೊಳ್ಳುವ ಆಸೆ ನಾಲಿಗೆಯ ತುದಿವರೆಗೂ ಬಂತು. ತನುಜ ನುಂಗಿಕೊಂಡಳು. "ಬರೆದಿದ್ದು ತಪ್ಪು ಮೇಡಂ," ಎಂದು ಎದ್ದು ಹೋಗಿ, ಬೋರ್ಡಿನ ಮೇಲೆ ಎರಡು ಕುಳಿ ಬರೆದಳು.

ಸಂಜೆ ಬಸ್ಸಿಳಿದು ಬಂದರೆ ತಾತ ಬಾಗಿಲಲ್ಲೇ ನಿಂತಿದ್ದರು. ಸೀಟಿನ ಮಾತೇ ಎತ್ತಲಿಲ್ಲ.

"ನಕ್ಷತ್ರದಲ್ಲಿ ಬತ್ತಿಯ ತಡ ಎಷ್ಟಂತೆ? ಕೇಳ್ಕೊಂಡು ಬಂದ್ಯಾ?"

"ಅವರಿಗೂ ಗೊತ್ತಿಲ್ಲ ತಾತ," ಎಂದಳು ತನುಜ. "ಕಂಡುಹಿಡಿ ಅಂತ ಸೀಟು ನಂಗೇ ಕೊಟ್ರು."