ನೂರು ವ್ಯಾಟ್ ಹೆಚ್ಚಿಗೆ

ಪರದೆಯ ಮೇಲಿನ ಸೈನಿಕ ಇನ್ನೂ ಅರ್ಧ ಸೇತುವೆಯಲ್ಲಿದ್ದ. ಕಂಪ್ಯೂಟರ್ ಗಪ್ಪೆಂದು ಕಣ್ಣು ಮುಚ್ಚಿತು. ಬೆಳಗಿನಿಂದ ಇದು ಮೂರನೆಯ ಸಾವು.

"ಮತ್ತೆ ಹೋಯ್ತಾ?" ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದ ಟೇಲರ್ ಮಾಸ್ತರು ಕೇಳಿದರು.

"ಹೋಯ್ತಪ್ಪ. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಬಕಾಸುರನ ಹಸಿವು. ಹಳೇ ಪವರ್ ಸಪ್ಲೈ ಬರೀ ಐನೂರು ವ್ಯಾಟಿಂದು. ಎಲ್ಲಿಂದ ಬಡಿಸತ್ತೆ ಪಾಪ?"

ಮಗಳ ಮಾತಿನಲ್ಲಿದ್ದ ತಮಾಷೆ ಮುಖದಲ್ಲಿರಲಿಲ್ಲ. ಸಂಜೆ ಆರಕ್ಕೆ ಆನ್‌ಲೈನ್ ಆಟದ ಆಯ್ಕೆಯ ಪಂದ್ಯ. ದೊಡ್ಡ ತಂಡವೊಂದಕ್ಕೆ ಐದನೆಯ ಆಟಗಾರರೊಬ್ಬರು ಬೇಕಾಗಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ ಕರೆ ಬಂದದ್ದು ಇದೊಂದೇ ಸಲ. ಮಧ್ಯಾಹ್ನ ಕಾಲೇಜಿನಲ್ಲಿ ಪರೀಕ್ಷೆ ಬೇರೆ.

"ಆರ್ನೂರೈವತ್ತರದ್ದು ತಂದಿಡು, ಸಾಕು. ಬಂದು ನಾನೇ ಕೂರಿಸ್ತೀನಿ," ಎಂದು ಹೊರಟಳು.

ಅಂಗಡಿಯವನೂ ಅಷ್ಟೇ ಸಾಕೆಂದ. ಆದರೆ 'ಸಾಕು' ಎಂಬ ಮಾತು ಮಾಸ್ತರರಿಗೆ ಆಗಿಬರದು. ಬೆಳೆಯುವ ಮಕ್ಕಳ ಬಟ್ಟೆಗೆ ಎರಡು ಬೆರಳು ಒಳಗೆ ಮಡಿಸಿಟ್ಟೇ ಹೊಲಿದ ಕೈ ಅದು. ಏಳುನೂರೈವತ್ತರದ್ದನ್ನೇ ತಂದರು. ತಂದವರು ಸುಮ್ಮನೆ ಕೂರಬಹುದಿತ್ತು. ಮಗಳಿಗೆ ಒಂದಿಷ್ಟು ಹೊತ್ತು ಉಳಿಯಲಿ ಎಂದು ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದರು.

ಒಳಗೆ ನೋಡಿದರೆ, ಆಹಾ! ವೈರುಗಳನ್ನು ಮಗಳು ನೆರಿಗೆ ಹಿಡಿದಂತೆ ಜೋಡಿಸಿ ಬಿಗಿದಿದ್ದಳು. ಇಂಥ ಕೆಲಸವನ್ನು ಬಿಚ್ಚುವುದುಂಟೇ? ಅಂಗಿ ಗಟ್ಟಿಯಿದ್ದರೆ ಕಾಲರ್ ಒಂದನ್ನೇ ಬದಲಿಸುವುದು ಅವರ ಕಸುಬಿನ ನೀತಿ. ಹಳೆಯ ಪವರ್ ಸಪ್ಲೈ ಡಬ್ಬಿಯಿಂದ ವೈರುಗಳ ತುದಿ ಕಿತ್ತು ಹೊಸದಕ್ಕೆ ಚುಚ್ಚಿದರು. ಗುಂಡಿ ಕಾಜಾಕ್ಕೆ ಕೂತಂತೆ ಎಲ್ಲವೂ ಕೂತವು. ಹೊಸದರ ಜೊತೆ ಬಂದ ವೈರುಗಳ ಚೀಲವನ್ನು ಒಡೆಯದೆ ಮೂಲೆಗಿಟ್ಟರು.

ಮಗಳು ಓಡೋಡಿ ಬಂದಳು. "ಅಯ್ಯೋ, ನೀನೇ ಹಾಕ್ಬಿಟ್ಯಾ?"

"ಮತ್ತೆ? ಆ ಅಂಗಡಿಯವನೋ..." ಮಾಸ್ತರು ಮೂಗು ಹಿಡಿದು ರಾಗ ಎಳೆದರು: "'ಯಜಮಾನ್ರೇಏ, ಸಾಕೂ ಅಂದ್ರೆ ಸಾಕೂ!' ನಾನು ಬಿಡ್ತೀನಾ? ನೂರು ಹೆಚ್ಚಿಗೇನೇ ತಂದೆ."

ಮಗಳು ಕಿಸಕ್ಕನೆ ನಕ್ಕು ಸ್ವಿಚ್ ಒತ್ತಿದಳು. ಒಳಗೆ ಚಟ್ ಎಂದಿತು. ಇಸ್ತ್ರಿ ಪೆಟ್ಟಿಗೆಯಡಿ ಪಾಲಿಯೆಸ್ಟರ್ ಸುಟ್ಟಂಥ ವಾಸನೆ.

ಅವಳು ಬಗ್ಗಿ ನೋಡಿದಳು. "ಅಪ್ಪಾ, ಹಳೇ ವೈರೇ ಬಿಟ್ಯಾ?"

"ಸರಿಯಾಗಿ ಕೂತ್ವಲ್ಲಮ್ಮ..."

"ಕೂರ್ತವೆ. ಆದ್ರೆ ಡಬ್ಬಿ ಬದಲಾದ್ರೆ ವೈರೂ ಅದರದ್ದೇ ಹಾಕ್ಬೇಕು. ತುದಿ ಒಂದೇ ಥರ ಇದ್ರೂ ಒಳಗಡೆ ಜೋಡಣೆ ಬೇರೆ ಇರತ್ತೆ. ಬೋರ್ಡೇ ಸುಟ್ಟೋಯ್ತು."

"ಅಂಗಡಿಗೆ ಓಡ್ಲಾ? ಯಾರ ಮನೇಲಾದ್ರೂ ಕೇಳ್ಲಾ?"

"ಇನ್ನು ಕಾಲು ಗಂಟೆ ಇದೆ ಅಷ್ಟೆ. ಆಗಲ್ಲ."

"ಬೈಯೇ. ಬಾಯಿಗೆ ಬಂದ ಹಾಗೆ ಬೈ ನನ್ನ."

"ಬೈದ್ರೆ ಆನ್ ಆಗತ್ತಾ?"

ಆರಕ್ಕೆ ಅವಳು ಫೋನಿನಲ್ಲಿ ಪಂದ್ಯದ ನೇರಪ್ರಸಾರ ಹಚ್ಚಿದಳು. ಅಂಗೈಯಗಲದ ಪರದೆಯಲ್ಲಿ ಐದು ಜನ ಸಾಲಾಗಿ ನಿಂತಿದ್ದರು. ಮಾಸ್ತರು ಅವಳ ಕುರ್ಚಿಯ ಹಿಂದೆ ನಿಂತು ಇಣುಕಿದರು.

"ನಿನ್ನ ಜಾಗದಲ್ಲಿ ಯಾರು?"

"ಯಾರೋ."

"ಚೆನ್ನಾಗಿ ಆಡ್ತಾನಾ?"

ಅವಳು ತುಸು ಹೊತ್ತು ನೋಡಿದಳು. "ಆಡ್ತಾನೆ ಅಪ್ಪ. ಚೆನ್ನಾಗೇ ಆಡ್ತಾನೆ."

ಫೋನು ಮೇಜಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಮಾಸ್ತರು ಪಕ್ಕಕ್ಕೆ ಬಂದು ಮಂಡಿಯೂರಿ, ಹೊಸ ಬಟ್ಟೆ ತೊಟ್ಟ ಗಿರಾಕಿಗೆ ಕನ್ನಡಿ ಹಿಡಿಯುವ ಹಾಗೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಪರದೆ ಅವಳ ಕಡೆಗಿತ್ತು. ಅವರಿಗೆ ಕಾಣುತ್ತಿದ್ದುದು ಅವಳ ಮುಖ ಮಾತ್ರ; ಅದರ ಮೇಲೆ ಬೆಳಕು ಓಡಾಡುತ್ತಿತ್ತು.